ಹಾಜರಿ ಪುಸ್ತಕದಲ್ಲಿ ಇಲ್ಲದವನು

ಮೂವತ್ತೊಂದು ವರ್ಷ ಅವನು ಹೆಣ ಕೊಯ್ದ.

ಸರ್ಕಾರಿ ಆಸ್ಪತ್ರೆಯ ಹಿಂಬದಿ, ಕಸದ ಗುಂಡಿ ದಾಟಿದರೆ ತಗಡಿನ ಬಾಗಿಲಿನ ಒಂದು ಕೋಣೆ. ಒಳಗೆ ಎರಡು ಸಿಮೆಂಟಿನ ಕಟ್ಟೆ, ಒಂದು ನಲ್ಲಿ. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಹೊತ್ತು ತರಬೇಕು. ಒಂದು ಚಾಕು, ಒಂದು ಗರಗಸ, ಒಂದು ಉಳಿ, ಒಂದು ಸುತ್ತಿಗೆ, ಗೋಣಿಚೀಲ ಹೊಲಿಯುವ ದಬ್ಬಳ, ಉಂಡೆ ದಾರ. ಇಷ್ಟೇ ಅವನ ಸಾಮಾನು. ಕೈಗವಸು ಬಂದ ತಿಂಗಳು ಹಾಕಿಕೊಳ್ಳುತ್ತಿದ್ದ. ಬಾರದ ತಿಂಗಳು ಬರಿಗೈ.

ಕಾಗದದ ಪ್ರಕಾರ ಹೆಣ ಕೊಯ್ಯುವವರು ಡಾಕ್ಟರು. ಡಾಕ್ಟರು ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂರುತ್ತಿದ್ದರು. ‘ತಲೆ ನೋಡೋ, ಎದೆ ನೋಡೋ, ಹೊಟ್ಟೆ ನೋಡೋ’ ಅನ್ನುತ್ತಿದ್ದರು. ಅವನು ಒಡೆದು, ಸೀಳಿ, ನೋಡಿ ಹೇಳುತ್ತಿದ್ದ. ಅವರು ಬರೆದುಕೊಳ್ಳುತ್ತಿದ್ದರು. ಕೆಳಗೆ ಸಹಿ ಅವರದು. ಅವನ ಹೆಸರು ಎಲ್ಲಿಯೂ ಇಲ್ಲ. ಅವನು ದಿನಗೂಲಿ. ದಿನಗೂಲಿಗೆ ಹಾಜರಿ ಪುಸ್ತಕ ಇಲ್ಲ. ‘ಬರೋ ವರ್ಷ ಕಾಯಂ ಮಾಡ್ತೀವಿ ಕಣಯ್ಯಾ’ ಎಂದು ಐದು ಜನ ಅಧಿಕಾರಿಗಳು ಹೇಳಿದರು. ಐವರೂ ನಿವೃತ್ತರಾಗಿ ಮನೆಗೆ ಹೋದರು. ಅವನು ಅಲ್ಲೇ ಇದ್ದ.

ಚಾಕು ಇಡುವ ಮೊದಲು ಅವನು ಹೆಣದ ಹಣೆಯ ಮೇಲೆ ಅಂಗೈ ಇಡುತ್ತಿದ್ದ. ‘ತಪ್ಪು ತಿಳೀಬೇಡಪ್ಪಾ, ಹೊಟ್ಟೆಪಾಡು. ಬೇಗ ಮುಗಿಸ್ತೀನಿ’ ಅನ್ನುತ್ತಿದ್ದ. ಅದೇ ಅವನ ದೊಡ್ಡ ಪ್ರಾರ್ಥನೆ. ಕೆಲಸ ಮುಗಿದ ಮೇಲೆ ಹೊಲಿಗೆ ಕಾಣದ ಹಾಗೆ ಬಟ್ಟೆ ಎಳೆದು, ತಲೆ ಬಾಚಿ ಕಳಿಸುತ್ತಿದ್ದ. ವಾರಕ್ಕೊಮ್ಮೆ ಪ್ರಾರ್ಥನಾ ಮಂದಿರಕ್ಕೂ ಹೋಗುತ್ತಿದ್ದ. ಅಲ್ಲಿ ಅವನ ಜಾಗ ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕ. ಅಲ್ಲೇ ಕೂರು ಎಂದು ಯಾರೂ ಹೇಳಿರಲಿಲ್ಲ. ಒಳಗೆ ಕೂತರೆ ಆ ಸಾಲು ಪೂರ್ತಿ ಎದ್ದು ಮುಂದಕ್ಕೆ ಹೋಗುತ್ತಿತ್ತು, ಅಷ್ಟೇ.

‘ದೇವರಿಗೆ ನನ್ನ ವಾಸನೆ ರೂಢಿಯಾಗಿದೆ. ಈ ಜನಕ್ಕೇ ಇನ್ನೂ ಆಗಿಲ್ಲ’ ಎಂದು ಅವನು ನಗುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಹೆಂಡತಿ ಸತ್ತಾಗ ಮಗಳಿಗೆ ಒಂಬತ್ತು ವರ್ಷ. ಅಂದಿನಿಂದ ಸಂಜೆಯ ಕೆಲಸ ಅವಳದು. ಅಪ್ಪ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಹಿತ್ತಲಲ್ಲಿ ನೀರು ಕಾದಿರಬೇಕು. ಅವನು ಅಂಗಿ ಬಿಚ್ಚಿ ಕಲ್ಲಿನ ಮೇಲೆ ಕೂರುತ್ತಿದ್ದ. ಅವಳು ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಚೊಂಬು ಎತ್ತಿ ಎತ್ತಿ ಹೊಯ್ಯುತ್ತಿದ್ದಳು. ಉಗುರಿನ ಸಂದಿಯಲ್ಲಿ ಸಿಕ್ಕಿದ್ದನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು. ನಾಲ್ಕು ಸಲ ಸೋಪು ಹಾಕಿದ ಮೇಲೆ ಅವನು ಅವಳ ತಲೆ ಸವರುತ್ತಿದ್ದ. ಅದಕ್ಕಿಂತ ಮೊದಲು ಒಂದು ದಿನವೂ ಮುಟ್ಟಿದವನಲ್ಲ.

ಶಾಲೆಯಲ್ಲಿ ಅವಳನ್ನು ‘ಹೆಣದ ಮನೆ’ ಎಂದೇ ಕರೆಯುತ್ತಿದ್ದರು. ಅವಳು ಹಲ್ಲು ಕಚ್ಚಿ ಓದಿದಳು. ಕಾನೂನು ಓದಿದಳು. ಕರಿ ಕೋಟು ಹಾಕಿಕೊಂಡ ದಿನ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಅಂದಿನಿಂದ ಹಳೆಯ ಹೆಸರು ಹೋಗಿ ‘ಲಾಯರಮ್ಮ’ ಬಂತು.

ಅವಳನ್ನು ಸರ್ಕಾರಿ ವಕೀಲೆ ಮಾಡಿಸಿದವನು ಮುಖಂಡ. ಅದೇ ಬೀದಿಯಲ್ಲಿ ಹುಟ್ಟಿದವನು. ಒಂದು ಕಾಲಕ್ಕೆ ಇದೇ ಜನರನ್ನು ಕಟ್ಟಿಕೊಂಡು ಗಂಟಲು ಹರಿಯುವ ಹಾಗೆ ಕೂಗಿದವನು. ಈಗ ಆಳುವ ಪಕ್ಷದಲ್ಲಿದ್ದ. ‘ಕೂಗಿ ಆಯ್ತು. ಇನ್ನು ಒಳಗೆ ಹೋಗಿ ಕೂರಬೇಕು. ನಮ್ಮವರು ಕುರ್ಚೀಲಿ ಕೂತರೆ ಮಾತ್ರ ಕೆಲಸ ಆಗೋದು’ ಎಂದು ಅವನು ಹೇಳಿದ್ದನ್ನು ಅವಳು ನಂಬಿದಳು. ಸುಳ್ಳೂ ಆಗಿರಲಿಲ್ಲ. ರಸ್ತೆ ಅಗಲ ಮಾಡಲು ಅವರ ಬೀದಿಯ ಅರವತ್ತು ಮನೆ ಕೆಡವುತ್ತೇವೆಂದು ನಗರಸಭೆ ಹೊರಟಾಗ ಆ ಕಡತವನ್ನು ಎರಡು ವರ್ಷ ಅಲುಗದ ಹಾಗೆ ಹಿಡಿದಿಟ್ಟವಳು ಅವಳೇ. ಅಪ್ಪನಿಗೆ ದೇವರು ಹೇಗೋ ಅವಳಿಗೆ ಕಾನೂನು ಹಾಗೆ. ತಾನು ಬಾಗಿಲ ಹೊರಗೆ ಕೂತಿಲ್ಲ ಎಂದುಕೊಂಡಿದ್ದಳು.

ಹಾಗಿರುವಾಗ ಕಸದ ಲಾರಿಯ ಡ್ರೈವರ್ ಸತ್ತ.

ಪೌರಕಾರ್ಮಿಕರು ಹನ್ನೊಂದು ದಿನ ಕೆಲಸ ನಿಲ್ಲಿಸಿದ್ದರು. ಬೂಟು ಕೊಡಿ, ಸತ್ತ ನಾಯಿ ಎತ್ತಲು ಸಲಿಕೆ ಕೊಡಿ, ಇಷ್ಟೇ ಕೇಳಿದ್ದರು. ಡ್ರೈವರ್ ಲಾರಿಯ ಬಾನೆಟ್ಟಿನ ಮೇಲೆ ನಿಂತು ಮಾತಾಡಿದ್ದ. ಹನ್ನೆರಡನೇ ದಿನ ಬೆಳಿಗ್ಗೆ ಪೊಲೀಸರು ಅವನನ್ನು ಠಾಣೆಗೆ ಕರೆದೊಯ್ದರು. ಮಧ್ಯಾಹ್ನ ಅವನ ಹೆಣ ಸಿಮೆಂಟಿನ ಕಟ್ಟೆಯ ಮೇಲಿತ್ತು.

ಆ ಸಂಜೆ ಅಪ್ಪ ಬಂದವನು ಸ್ನಾನಕ್ಕೆ ಕೂರಲಿಲ್ಲ. ಹಿತ್ತಲ ಬಾಗಿಲಲ್ಲೇ ನಿಂತ.

‘ನಾಕು ಪಕ್ಕೆಲುಬು ಮುರಿದಿದ್ವು ಮಗಾ. ಎಡಗಡೆ. ಒಂದು ಒಳಗೆ ಚುಚ್ಚಿತ್ತು. ಹೊಟ್ಟೆ ತುಂಬ ರಕ್ತ, ಬೊಗಸೇಲಿ ಎತ್ತಿ ಹಾಕ್ದೆ. ಡಾಕ್ಟರಿಗೆ ಹೇಳ್ದೆ. ಅವರ ಪಕ್ಕ ಇನ್ಸ್‌ಪೆಕ್ಟರು ನಿಂತಿದ್ರು. ಡಾಕ್ಟರು ನನ್ನ ಮುಖ ನೋಡ್ಲಿಲ್ಲ. ಹೃದಯ ನಿಂತಿದೆ ಅಂತ ಬರ್ಕೊಂಡ್ರು.’

‘ಹೃದಯ ನಿಂತಿತ್ತಾ ಅಪ್ಪ?’

‘ಸತ್ತವರದು ಎಲ್ಲರದೂ ನಿಂತಿರುತ್ತೆ’ ಎಂದ ಅಪ್ಪ. ಅವನು ನಗಲಿಲ್ಲ.

ಡ್ರೈವರನ ಹೆಂಡತಿ ಬೀದಿ ಗುಡಿಸುವವಳು. ಗಟ್ಟಿಗಿತ್ತಿ. ಯಾರ ಮಾತಿಗೂ ಬಗ್ಗದೆ ಕೋರ್ಟಿಗೆ ಅರ್ಜಿ ಹಾಕಿದಳು. ಸಾಕ್ಷಿ ಯಾರು ಎಂದು ಕೇಳಿದಾಗ ಹೆಣ ಕೊಯ್ದವನ ಹೆಸರು ಕೊಟ್ಟಳು. ಸರ್ಕಾರದ ಪರ ವಾದಿಸುವ ಕಡತ ಲಾಯರಮ್ಮನ ಮೇಜಿಗೆ ಬಂತು. ಸಾಕ್ಷಿಗಳ ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು. ಕಡತ ಎತ್ತಿಕೊಂಡು ನೇರ ಮುಖಂಡನ ಮನೆಗೆ ಹೋದಳು.

‘ಅಣ್ಣಾ, ಇದು ನನಗೆ ಬೇಡ. ಬೇರೆಯವರಿಗೆ ಕೊಡ್ಸಿ.’

‘ಗೊತ್ತಮ್ಮಾ. ನಿಮ್ಮಪ್ಪ ಇದ್ದಾರೆ ಅಂತಾನೇ ನಿನಗೆ ಕೊಡ್ಸಿರೋದು’ ಎಂದ ಮುಖಂಡ. ಚಹಾ ತರಿಸಿದ. ‘ಬೇರೆ ವಕೀಲ ಬಂದ್ರೆ ನಿಮ್ಮಪ್ಪನ ಮಾನ ಹರಾಜು ಹಾಕ್ತಾನೆ. ಕುಡಿದಿದ್ದ, ತಲೆ ಸರಿ ಇಲ್ಲ, ಏನೇನೋ ಅಂತಾನೆ. ನೀನಾದ್ರೆ ಮೆಲ್ಲಗೆ ಕೇಳ್ತೀಯ. ನಾಕು ಪ್ರಶ್ನೆ. ಮುಗೀತು.’

‘ಅಪ್ಪ ಸುಳ್ಳು ಹೇಳ್ತಿಲ್ಲ ಅಣ್ಣಾ.’

‘ನಾನು ಹಾಗಂದ್ನಾ? ಸುಳ್ಳು ಅಂತ ನೀನೂ ಹೇಳ್ಬೇಡ. ದಾಖಲೆ ಇಲ್ಲ ಅನ್ನು, ಸಾಕು. ಆ ಅರವತ್ತು ಮನೆ ನಿಂತಿರೋದು ನೀನು ಆ ಕುರ್ಚೀಲಿ ಇರೋದ್ರಿಂದ. ಜಡ್ಜ್‌ಗಳ ಪಟ್ಟೀಲಿ ಈ ಸಲ ನಿನ್ನ ಹೆಸರಿದೆ. ಸತ್ತವನು ಸತ್ತ, ತಂಗಿ. ಬದುಕಿರೋರನ್ನ ನೋಡು.’

ಅವಳು ಚಹಾ ಮುಟ್ಟಲಿಲ್ಲ. ಆದರೆ ಕಡತ ಅಲ್ಲಿ ಇಟ್ಟು ಬರಲೂ ಇಲ್ಲ. ಕಂಕುಳಲ್ಲಿ ಇಟ್ಟುಕೊಂಡೇ ಮನೆಗೆ ಬಂದಳು.

ಅಪ್ಪ ಅಂಗಳದಲ್ಲಿ ದಬ್ಬಳಕ್ಕೆ ಸಾಣೆ ಹಿಡಿಯುತ್ತಿದ್ದ. ಅವಳು ಪಕ್ಕದಲ್ಲಿ ಕೂತು, ‘ಸಾಕ್ಷಿ ಹೇಳ್ಬೇಡ ಅಪ್ಪ’ ಎಂದಳು.

‘ಯಾಕೆ?’

‘ಎದುರುಗಡೆ ನಾನಿರ್ತೀನಿ.’

ಅವನು ದಬ್ಬಳ ಕೆಳಗಿಟ್ಟ. ‘ಆ ಹುಡುಗನ ಹಣೆ ಮೇಲೆ ಕೈ ಇಟ್ಟು ಬಂದಿದೀನಿ ಮಗಾ. ನಾನು ಹೇಳ್ದಿದ್ರೆ ಇನ್ಯಾರಿದಾರೆ ಅವನಿಗೆ? ನೀನು ನಿನ್ನ ಕೆಲಸ ಮಾಡು, ನಾನು ನನ್ನ ಕೆಲಸ ಮಾಡ್ತೀನಿ. ಇಬ್ರೂ ಸರ್ಕಾರಿ ಕೆಲಸದವರೇ ತಾನೇ’ ಎಂದ.

ವಿಚಾರಣೆಯ ದಿನ ಅವನು ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದ. ಕಟಕಟೆ ಹತ್ತುವ ಮೊದಲು ಚಪ್ಪಲಿ ಬಿಟ್ಟ. ಪೇದೆ, ‘ಹಾಕ್ಕೊಳ್ಳಯ್ಯಾ, ಇದೇನು ಗುಡಿಯಲ್ಲ’ ಎಂದಾಗ ಕೆಲವರು ನಕ್ಕರು. ಅವನು ಕಂಡದ್ದನ್ನು ಕಂಡಂತೆ ಹೇಳಿದ. ನಾಲ್ಕು ಪಕ್ಕೆಲುಬು. ಎಡಗಡೆ. ಬೊಗಸೆ ರಕ್ತ. ಡ್ರೈವರನ ಹೆಂಡತಿ ಬೆಂಚಿನ ಮೇಲೆ ಕೂತು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

ಲಾಯರಮ್ಮ ಎದ್ದಳು. ಧ್ವನಿ ಮೆತ್ತಗಿರಬೇಕು ಎಂದು ಹಿಂದಿನ ದಿನವೆಲ್ಲ ಅಭ್ಯಾಸ ಮಾಡಿದ್ದಳು. ಮೆತ್ತಗೇ ಇತ್ತು.

‘ಆಸ್ಪತ್ರೆಯ ನೌಕರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ?’

‘ಇಲ್ಲ ಮೇಡಂ.’

ಅವಳು ಹುಟ್ಟಿದ ಮೇಲೆ ಮೊದಲ ಸಲ ಅವನು ಮಗಳನ್ನು ಹಾಗೆ ಕರೆದ. ಕುಹಕವಲ್ಲ. ಕೋರ್ಟಿನಲ್ಲಿ ಹಾಗೆ ಕರೆಯಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು.

‘ಆ ದಿನ ನೀವು ಶವಾಗಾರದಲ್ಲಿ ಇದ್ರಿ ಅನ್ನೋದಕ್ಕೆ ಹಾಜರಿ ಪುಸ್ತಕದಲ್ಲಿ ಸಹಿ ಇದೆಯಾ?’

‘ನಮಗೆ ಪುಸ್ತಕ ಇಲ್ಲ ಮೇಡಂ.’

‘ಶವ ಪರೀಕ್ಷೆ ಮಾಡಿದ್ದು ಡಾಕ್ಟರು ಅಂತ ವರದಿ ಹೇಳುತ್ತೆ. ನೀವು ಮುಟ್ಟಿದಿರಿ ಅಂತ ಎಲ್ಲಾದ್ರೂ ಬರೆದಿದೆಯಾ?’

‘ನಾನೇ ಕೊಯ್ದಿದ್ದು.’

‘ಆಧಾರ ಏನಿದೆ?’

‘ಆಧಾರ ಅಂದ್ರೆ?’

‘ನೀವು ಈ ಕೆಲಸ ಮಾಡ್ತಿದ್ರಿ ಅನ್ನೋದಕ್ಕೆ ಗುರುತು. ಕಾಗದ. ಕಂಡವರು.’

ಅವನು ತನ್ನ ಎರಡೂ ಕೈ ಎತ್ತಿ ನೋಡಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಕೈ ಇಳಿಸಿದ. ಪೇಚಿಗೆ ಸಿಕ್ಕವನ ಹಾಗೆ ಸುತ್ತ ನೋಡಿ, ಕಡೆಗೆ ಅವಳನ್ನೇ ನೋಡಿದ.

‘ಕಂಡವರು ನೀವೇ ಅಲ್ವಾ ಮೇಡಂ? ಒಂಬತ್ತು ವರ್ಷದವರಿದ್ದಾಗಿಂದ ದಿನಾ ಸಂಜೆ ನೀರು ಹೊಯ್ದಿದ್ದು ನೀವೇ. ನನ್ನ ಉಗುರಲ್ಲಿ ಏನಿರ್ತಿತ್ತು ಅಂತ ನಿಮಗೇ ಗೊತ್ತು. ಹೇಳಿ ಮೇಡಂ.’

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. ‘ಸರ್ಕಾರಿ ವಕೀಲರು ಏನಾದರೂ ಹೇಳಬೇಕೇ?’

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೌದು ಎಂಬ ಎರಡಕ್ಷರ. ಅವಳ ಬಾಯಿಗೆ ಅದು ಬಂದಿತ್ತು ಎಂದು ಆಮೇಲೆ ಎಷ್ಟೋ ಸಲ ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಆ ಹೊತ್ತಿಗೆ ಬಾಯಿಂದ ಬಿದ್ದದ್ದು ಬೇರೆ.

‘ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ. ದಾಖಲೆಯಿಂದ ತೆಗೆಯಬೇಕು ಅಂತ ಕೋರ್ತೀನಿ.’

ತೆಗೆದರು.

ಅರ್ಜಿ ವಜಾ ಆಯಿತು. ‘ಸಾಕ್ಷಿಯು ಸದರಿ ದಿನ ಸದರಿ ಸ್ಥಳದಲ್ಲಿ ಇದ್ದನೆಂಬುದಕ್ಕೆ ಯಾವ ಆಧಾರವೂ ಇರುವುದಿಲ್ಲ’ ಎಂದು ತೀರ್ಪಿನಲ್ಲಿ ಬಂತು. ಮುಖಂಡ ಫೋನು ಮಾಡಿ, ‘ಭೇಷ್ ತಂಗಿ’ ಎಂದ.

ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆಯ ಜವಾನ ಬಂದು ಬಾಗಿಲು ಬಡಿದ. ‘ರಸ್ತೇಲಿ ಬಸ್ಸು ಮಗುಚಿದೆ. ಐದು ಹೆಣ ಬಂದಿವೆ. ಡಾಕ್ಟರು ಕರೀತಿದಾರೆ. ಬೇಗ ಬಾ.’

ಅಪ್ಪ ಜಗಲಿಯ ಮೇಲೆ ಕೂತಿದ್ದ. ಏಳಲಿಲ್ಲ.

‘ನಾನು ಅಲ್ಲಿ ಇಲ್ಲವಲ್ಲಪ್ಪಾ’ ಎಂದ.

‘ಏನು ಹಂಗಂದ್ರೆ?’

‘ಕೋರ್ಟು ಹೇಳಿದೆ. ನಾನು ಅಲ್ಲಿ ಯಾವತ್ತೂ ಇರ್ಲಿಲ್ಲ. ಇಲ್ಲದವನು ಹೆಂಗೆ ಬರೋದು? ಕೊಯ್ಯೋದು ಡಾಕ್ಟರು ತಾನೇ. ಕೊಯ್ಯಲಿ.’

ಮಧ್ಯಾಹ್ನಕ್ಕೆ ಡಾಕ್ಟರೇ ಕಾರಿನಲ್ಲಿ ಬಂದರು. ಕಾರಿನಿಂದ ಇಳಿಯದೆ, ‘ಸತ್ತವರ ಮನೆಯವರು ಬಿಸಿಲಲ್ಲಿ ಕೂತಿದಾರೆ ಕಣೋ, ನಿನಗೆ ಮನುಷ್ಯತ್ವ ಇಲ್ವಾ?’ ಎಂದು ಗದರಿದರು.

‘ಇದೆ ಸ್ವಾಮಿ. ಒಂದು ಸಾಲು ಬರ್ದುಕೊಡಿ. ಹೆಣ ಕೊಯ್ದವನು ಇಂಥವನು ಅಂತ. ಕೆಳಗೆ ನಿಮ್ಮ ಸಹಿ. ಈಗಲೇ ಬರ್ತೀನಿ.’

ಡಾಕ್ಟರು ಬರೆಯಲಿಲ್ಲ. ಬರೆದರೆ ಡ್ರೈವರನ ಪಕ್ಕೆಲುಬುಗಳು ಮತ್ತೆ ಎದ್ದು ಬರುತ್ತಿದ್ದವು. ಕಾರು ಹಿಂದಕ್ಕೆ ಹೋಯಿತು. ಅಪ್ಪ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ಬಿಸಿಲಲ್ಲಿ ಕೂತವರಿಗಾಗಿ ಅತ್ತ. ಮಗಳು ಹೆಗಲ ಮೇಲೆ ಕೈ ಇಡಲು ಹೋದಳು. ಅವನು ಚೂರು ಸರಿದು ಜಾಗ ಬಿಟ್ಟ, ದೊಡ್ಡವರಿಗೆ ಬಿಡುವ ಹಾಗೆ.

‘ಕೂತ್ಕೊಳ್ಳಿ ಮೇಡಂ.’

ಆಮೇಲೆ ಅವನು ಅವಳನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ. ಸಿಟ್ಟಿರಲಿಲ್ಲ. ಊಟಕ್ಕೆ ಬಡಿಸಿದರೆ ‘ಸಾಕು ಮೇಡಂ’, ಔಷಧಿ ಕೊಟ್ಟರೆ ‘ಆಯ್ತು ಮೇಡಂ’. ಅವಳು ಕಾಲು ಹಿಡಿದುಕೊಂಡಳು, ‘ಬೈಯಪ್ಪಾ, ಹೊಡಿ, ಹಂಗೆ ಮಾತ್ರ ಕರೀಬೇಡ’ ಎಂದು ಗೋಳಾಡಿದಳು. ‘ತಪ್ಪಾಯ್ತು ಮೇಡಂ’ ಎಂದ.

ಅವಳು ರಾಜೀನಾಮೆ ಬರೆದು ಮುಖಂಡನ ಮೇಜಿನ ಮೇಲಿಟ್ಟಳು. ‘ಹುಚ್ಚಿ’ ಎಂದ ಅವನು. ಎರಡೇ ತಿಂಗಳಿಗೆ ಬೀದಿಯ ಮನೆಗಳಿಗೆ ನೋಟೀಸು ಅಂಟಿಸಿದರು. ನೆರೆಹೊರೆಯವರು ಅವಳ ಮುಖಕ್ಕೇ ಉಗಿದರು. ಅವರದೂ ತಪ್ಪಲ್ಲ.

ಲಾಯರಮ್ಮ ಡ್ರೈವರನ ಹೆಂಡತಿಯ ಬಾಗಿಲಿಗೆ ಹೋದಾಗ ಆಕೆ ಒಳಗೆ ಕರೆಯಲಿಲ್ಲ. ಪೊರಕೆಗೆ ಹಗ್ಗ ಬಿಗಿಯುತ್ತಾ ತಲೆ ಎತ್ತದೆ ಕೇಳಿದಳು.

‘ಯಾಕೆ ಬಂದೆ?’

‘ಕ್ಷಮೆ ಕೇಳೋಕೆ ಬಂದೆ ಅಕ್ಕಾ.’

‘ಅದನ್ನ ಇಟ್ಕೊಂಡು ನಾನೇನ್ಮಾಡ್ಲಿ? ಒಲೆಗೆ ಹಾಕ್ಲಾ? ಕೋರ್ಟಲ್ಲಿ ನುಂಗ್ದೆ. ಕೋರ್ಟಲ್ಲೇ ಕಕ್ಕು.’

ಹಾಗಾಗಿ ಮರುವಿಚಾರಣೆಗೆ ಅರ್ಜಿ ಬಿತ್ತು. ಈ ಸಲ ವಕೀಲರು ಬೇರೆ. ಲಾಯರಮ್ಮ ಸಾಕ್ಷಿ. ದಿನಾಂಕ ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಪ್ಪ ಸತ್ತ. ಮೂವತ್ತೊಂದು ವರ್ಷ ಆ ಕೋಣೆಯ ಗಾಳಿ ಕುಡಿದ ಶ್ವಾಸಕೋಶ. ಕೊನೆಯ ವಾರ ಅವಳು ಅವನ ಹಾಸಿಗೆ ಬಿಟ್ಟು ಕದಲಲಿಲ್ಲ. ಒಂದು ಮಧ್ಯಾಹ್ನ ನೀರು ಕೇಳಿದ. ಅವಳು ತಲೆ ಎತ್ತಿ ಹಿಡಿದು ಕುಡಿಸಿದಳು. ಅವನು ಬಾಯೊರೆಸಿಕೊಂಡು, ‘ನಿಮಗೆ ತೊಂದ್ರೆ ಕೊಟ್ಟೆ ಮೇಡಂ’ ಎಂದ. ಮತ್ತೆ ಮಾತಾಡಲಿಲ್ಲ.

ಮಂದಿರದವರು ಮಣ್ಣಿಗೆ ಮೂಲೆಯಲ್ಲಿ ಜಾಗ ಕೊಟ್ಟರು. ಪ್ರಾರ್ಥನೆ ಓದುವವನು ನಾಲ್ಕು ಹೆಜ್ಜೆ ದೂರ ನಿಂತು, ಅರ್ಧ ಪುಟ ಹಾರಿಸಿ ಓದಿ ಮುಗಿಸಿದ. ಅವಳಿಗೆ ಆ ದೇವರ ಮೇಲೆ ಸಿಟ್ಟು ಬರಲಿಲ್ಲ. ಅಪ್ಪ ದಿನವೂ ಮಾತಾಡಿಸುತ್ತಿದ್ದ ದೇವರು ಈ ಕಟ್ಟಡದಲ್ಲಿ ಇದ್ದದ್ದೇ ಅನುಮಾನ ಅನ್ನಿಸಿತು.

ಸಾಕ್ಷಿಯ ದಿನ ಎದುರಿಗೆ ನಿಂತವನು ಅವಳ ಕೈಕೆಳಗೇ ಕೆಲಸ ಕಲಿತ ಕಿರಿಯ ವಕೀಲ. ಈಗ ಅವನು ಸರ್ಕಾರಿ ವಕೀಲ. ಅವಳು ಕಟಕಟೆಯಲ್ಲಿ ನಿಂತು ಹೇಳಿದಳು. ಒಂಬತ್ತನೇ ವಯಸ್ಸಿನಿಂದ ಹೊಯ್ದ ನೀರು ಹೇಳಿದಳು. ಉಗುರಿನ ಸಂದಿ ಹೇಳಿದಳು. ಡ್ರೈವರ್ ಸತ್ತ ದಿನ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

ಕಿರಿಯ ವಕೀಲ ಹಳೆಯ ಕಾಗದ ತೆಗೆದ. ‘ಇದೇ ಕೋರ್ಟಿನಲ್ಲಿ, ಇದೇ ಮಾತಿಗೆ ಸಂಬಂಧವಿಲ್ಲದ ಉತ್ತರ ಅಂದವರು ನೀವೇ ತಾನೇ?’

‘ನಾನೇ.’

‘ಅವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದೀರಾ?’

‘ಅವತ್ತು.’

‘ಯಾಕೆ?’

‘ಕುರ್ಚಿಗೆ’ ಎಂದಳು. ‘ಅಪ್ಪನ ವಾಸನೆ ಕುರ್ಚಿಗೆ ಬರಬಾರದು ಅಂತ.’

ಗುಮಾಸ್ತ ಹೇಳಿಕೆಯನ್ನು ಟೈಪು ಮಾಡಿ ಸಹಿಗೆ ತಂದ. ಅವಳು ವಕೀಲೆಯಲ್ಲವೇ, ಮೊದಲ ಸಾಲಿನಿಂದ ಓದಿದಳು. ಸಾಕ್ಷಿಯ ಹೆಸರು, ವಯಸ್ಸು. ತಂದೆ: ದಿವಂಗತ. ತಂದೆಯ ಉದ್ಯೋಗ: ಇಲ್ಲ.

ಅವಳು ಪೆನ್ನು ಕೆಳಗಿಟ್ಟಳು. ‘ಇದು ತಪ್ಪು. ತಿದ್ದಿ.’

‘ಹಳೇ ತೀರ್ಪಲ್ಲಿ ಇರೋ ಹಾಗೇ ಹಾಕಿದೀನಿ ಮೇಡಂ’ ಎಂದ ಗುಮಾಸ್ತ.

‘ಸಹಿ ಹಾಕಲ್ಲ.’

ನ್ಯಾಯಾಧೀಶರಿಗೆ ರೇಗಿತು. ‘ಸಹಿ ಇಲ್ಲದಿದ್ದರೆ ನಿಮ್ಮ ಹೇಳಿಕೆ ಕಸ. ಕೆಳಗಿಳೀರಿ.’

‘ಇಳಿಯಲ್ಲ ಸ್ವಾಮಿ.’

‘ಹೊರಗೆ ಕಳಿಸಬೇಕಾಗುತ್ತೆ.’

‘ಎಳೆದು ಹಾಕ್ಸಿ. ಅವನು ಹೆಣ ಕೊಯ್ದ. ಮೂವತ್ತೊಂದು ವರ್ಷ. ಸರ್ಕಾರದ ಹೆಣ, ಸರ್ಕಾರದ ಕಟ್ಟೆ ಮೇಲೆ. ಇಲ್ಲ ಅಂತ ಒಂದು ಸಲ ನಾನೇ ಹೇಳ್ಸಿದೀನಿ. ಇನ್ನೊಂದು ಸಲ ಹೇಳ್ಸಲ್ಲ.’

ಊಟದ ಹೊತ್ತಾಯಿತು. ಎಲ್ಲರೂ ಎದ್ದು ಹೋದರು. ಫ್ಯಾನು ನಿಲ್ಲಿಸಿದರು. ಅವಳು ಕಟಕಟೆಯಲ್ಲೇ ನಿಂತಿದ್ದಳು. ಎದುರಿನ ಬೆಂಚಿನಲ್ಲಿ ಡ್ರೈವರನ ಹೆಂಡತಿ ಒಬ್ಬಳೇ ಕೂತಿದ್ದಳು. ಮೂರು ಗಂಟೆಗೆ ನ್ಯಾಯಾಧೀಶರು ವಾಪಸು ಬಂದು, ಅವಳು ನಿಂತಿರುವುದನ್ನು ನೋಡಿ ಲೊಚಗುಟ್ಟಿದರು. ‘ತಿದ್ದಿ ಕಳಿಸ್ರೀ, ಬೇರೆ ಕೇಸುಗಳಿವೆ.’ ಗುಮಾಸ್ತ ‘ಇಲ್ಲ’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಕೈಯಿಂದ ಬರೆದ: ಶವಾಗಾರದಲ್ಲಿ ಹೆಣ ಕೊಯ್ಯುವ ಕೆಲಸ, ಮೂವತ್ತೊಂದು ವರ್ಷ. ಅವಳು ಸಹಿ ಹಾಕಿದಳು.

ಎರಡು ವಾರಕ್ಕೆ ತೀರ್ಪು ಬಂತು. ಸಾಕ್ಷಿ ಹಿಂದೆ ಒಂದು, ಈಗ ಒಂದು ಹೇಳಿದ್ದಾಳೆ. ಹೇಳಿದ್ದು ಕೇಳಿದ ಮಾತು, ಕಂಡ ಮಾತಲ್ಲ. ಅರ್ಜಿ ವಜಾ. ಸಾಕ್ಷಿಯ ವಕೀಲಿ ಪರವಾನಗಿಯ ಬಗ್ಗೆ ಕ್ರಮ ಜರುಗಿಸತಕ್ಕದ್ದು.

ಅವಳು ತೀರ್ಪಿನ ನಕಲು, ಹೇಳಿಕೆಯ ನಕಲು ಎರಡನ್ನೂ ತೆಗೆದುಕೊಂಡು ಡ್ರೈವರನ ಹೆಂಡತಿಯ ಮನೆಗೆ ಹೋದಳು. ಬೆಳಿಗ್ಗೆ ಆರು ಗಂಟೆ. ಆಕೆ ಕೆಲಸಕ್ಕೆ ಹೊರಟು ಬಾಗಿಲಿಗೆ ಚಿಲಕ ಹಾಕುತ್ತಿದ್ದಳು.

‘ಏನಾಯ್ತು?’

‘ಸೋತ್ವಿ ಅಕ್ಕಾ.’

‘ಇದೇನು ಮತ್ತೆ ಕೈಯಲ್ಲಿ?’

‘ಅಪ್ಪ ಹೇಳಿದ್ದನ್ನ ಬರ್ಕೊಂಡಿದಾರೆ.’

‘ಓದು.’

ಅವಳು ಬೀದಿಯಲ್ಲೇ ನಿಂತು ಓದಿದಳು. ಎಡಗಡೆಯ ನಾಲ್ಕು ಪಕ್ಕೆಲುಬು ಮುರಿದಿದ್ದವು. ಒಂದು ಒಳಗೆ ಚುಚ್ಚಿತ್ತು. ಹೊಟ್ಟೆಯಲ್ಲಿ ರಕ್ತ ತುಂಬಿತ್ತು. ಡ್ರೈವರನ ಹೆಂಡತಿ ಕಣ್ಣು ಮಿಟುಕಿಸದೆ ಕೇಳಿದಳು. ಕಾಗದ ತೆಗೆದುಕೊಂಡು, ಓದು ಬಾರದವಳು, ಆ ಸಾಲಿನ ಮೇಲೆ ಒರಟು ಬೆರಳು ಇಟ್ಟಳು.

‘ಇಲ್ಲೇ ಇದೆಯಾ?’

‘ಅಲ್ಲೇ ಇದೆ.’

‘ಜಡ್ಜು ಓದಿದ್ರಾ?’

‘ಓದಿದ್ರು.’

‘ಇದನ್ನ ಬರ್ಕೊಂಡು, ಓದೀನೂ, ಇಲ್ಲ ಅಂದ್ರಾ?’

ಡ್ರೈವರನ ಹೆಂಡತಿ ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು, ಪೊರಕೆ ಹೆಗಲಿಗೇರಿಸಿ ಬೀದಿಗೆ ಇಳಿದಳು.